ಫ್ಲೈಓವರ್‌ಗಿಂತ ಮೊದಲು ಬಸ್ ಬರಲಿ

ಕಲಬುರಗಿಯ ಜಗತ್ ವೃತ್ತದಲ್ಲಿ ಫ್ಲೈಓವರ್ ಬೇಡ ಅಂದ್ರೆ ಜಾಮ್‌ಗೆ ಬೇರೆ ದಾರಿ ಏನು ಅಂತ ಕೇಳಿದ್ದೀರಿ. ಬೆಂಗಳೂರಿನ ಹೆಬ್ಬಾಳ ನೋಡ್ರಿ. 2003ರಲ್ಲೇ ಫ್ಲೈಓವರ್ ಬಂತು, ಜಾಮ್ ಹೋಗಲಿಲ್ಲ. ರಸ್ತೆ ಸಲೀಸಾದರೆ ಮನೆಯಲ್ಲಿ ನಿಂತ ಗಾಡಿಯೂ ಹೊರಗೆ ಬರುತ್ತದೆ, ಅಲ್ವಾ? ಸೇತುವೆ ಇಳಿದ ಕಡೆ ಮತ್ತೆ ಅದೇ ಸಾಲು.

ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಕೇಂದ್ರ ಕಚೇರಿ ಇರುವುದೇ ನಮ್ಮೂರಲ್ಲಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ ಉಚಿತ. ಹಾಗಾಗಿ ಬಸ್ ಜಾಸ್ತಿ ಬಿಟ್ಟರೆ ಹತ್ತುವವರಿಗೇನೂ ಬರವಿಲ್ಲ. ಊರಿನ ಸೂಪರ್ ಮಾರ್ಕೆಟ್ ಪ್ರದೇಶದಿಂದ ಕೇಂದ್ರ ಬಸ್ ನಿಲ್ದಾಣಕ್ಕೆ ಹತ್ತು ನಿಮಿಷಕ್ಕೊಂದು ಬಸ್ ಬೇಕು. ಜೊತೆಗೆ ಒಳ್ಳೆ ಫುಟ್‌ಪಾತ್, ಪಕ್ಕದಲ್ಲಿ ಬೇವಿನ ಮರ. ಮರ ಅಂದದ್ದು ಸುಮ್ನೆ ಅಲ್ಲ. 40 ಡಿಗ್ರಿ ದಾಟುವ ಬಿಸಿಲಲ್ಲಿ ನೆರಳಿಲ್ಲದೆ ಯಾರು ನಡೆಯುತ್ತಾರೆ? ಮೇ ತಿಂಗಳಲ್ಲಿ ನಾನೂ ಸ್ಕೂಟರ್ ಹತ್ತುವವನೇ.