ಹೆಬ್ಬೆಟ್ಟು ಕದ್ದರೆ ಯಾವ ಕಾನೂನು ಕಾಯುತ್ತದೆ?

ಗಂಗಾವತಿಯ ಓದುಗರೊಬ್ಬರ ಪತ್ರ: "ನಮ್ಮವ್ವನ ಖಾತೆಗೆ ಗೃಹಲಕ್ಷ್ಮಿ ಹಣ ಬರುತ್ತದೆ. ಯಾರೋ ಅದನ್ನು ತೆಗೆದುಬಿಟ್ಟಿದ್ದಾರೆ. ಅವ್ವನ ಹತ್ತಿರ ಎಟಿಎಂ ಕಾರ್ಡ್ ಇಲ್ಲ, ಒಟಿಪಿನೂ ಬಂದಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ 'ನಿಮ್ಮದೇ ಹೆಬ್ಬೆಟ್ಟು ಬಿದ್ದಿದೆ' ಅಂದರು. ಖಾಸಗಿ ಮಾಹಿತಿ ಕಾಯೋಕೆ ಹೊಸ ಕಾನೂನು ಬಂದಿದೆಯಲ್ಲ, ಅದರಿಂದ ದುಡ್ಡು ವಾಪಸ್ ಬರುತ್ತಾ?"

ಸಂಪಾದಕರ ಉತ್ತರ:

ನೀವು ಹೇಳುವ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಿಂದ ಬರುವುದಿಲ್ಲ. ಬೇರೆ ದಾರಿ ಇದೆ, ಮೊದಲು ಅದನ್ನು ಹಿಡಿಯಿರಿ.

ಈಗಲೇ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಸೈಬರ್ ಅಪರಾಧ ನೋಡಿಕೊಳ್ಳುವ ಕೊಪ್ಪಳದ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು. ಬ್ಯಾಂಕಿಗೆ ಬಾಯಿಮಾತಲ್ಲಿ ಹೇಳಿದರೆ ಸಾಲದು, ಅರ್ಜಿ ಬರೆದು ಸೀಲು ಹಾಕಿಸಿಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ, ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ ಅಂದಾಗ, ಹಣ ಹೋದ ಮೆಸೇಜ್ ಬ್ಯಾಂಕಿನಿಂದ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ. ತಪ್ಪು ಗ್ರಾಹಕರದು ಅಂತ ರುಜುವಾತು ಮಾಡುವ ಹೊಣೆಯೂ ಬ್ಯಾಂಕಿನದೇ. ಹಾಗಾಗಿ 'ಹೆಬ್ಬೆಟ್ಟು ಬಿದ್ದಿದೆ' ಅನ್ನುವುದು ಉತ್ತರ ಆಗೋದಿಲ್ಲ. 30 ದಿನದಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ, ಅಂದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಿರಿ. ಅದಕ್ಕೆ ಶುಲ್ಕ ಇಲ್ಲ.

ಆಧಾರ್ ಆ್ಯಪ್‌ನಲ್ಲಿ ಅವ್ವನ ಬೆರಳಚ್ಚಿಗೆ ಲಾಕ್ ಹಾಕಿ. ಖಾತೆಗೆ ಆಧಾರ್ ಜೋಡಿಸಿದ್ದರೆ ಆಧಾರ್ ನಂಬರ್ ಮತ್ತು ಹೆಬ್ಬೆಟ್ಟು ಸಾಕು, ಕಾರ್ಡ್, ಒಟಿಪಿ ಇಲ್ಲದೆ ದುಡ್ಡು ತೆಗೆಯಬಹುದು; ಲಾಕ್ ಇದ್ದರೆ ಆಗುವುದಿಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ಮುಂಚೆ ಮಾತ್ರ ತೆಗೆಯಬೇಕಾಗುತ್ತದೆ. ಕಿರಿಕಿರಿ ನಿಜ.

ಬೆರಳಚ್ಚು ಹೇಗೆ ಹೋಯಿತು ಅಂತ ನಿಮಗೆ ಆಶ್ಚರ್ಯ ಆಗಿರಬಹುದು. ಅವ್ವನ ಹೆಸರಲ್ಲಿ ಹೊಲ ಖರೀದಿ ಆಗಿದೆಯೇ? ನೋಂದಣಿ ಪತ್ರದಲ್ಲಿ ಹೆಬ್ಬೆಟ್ಟಿನ ಗುರುತು, ಆಧಾರ್ ನಂಬರ್ ಎರಡೂ ಒಟ್ಟಿಗೆ ಇರುತ್ತಿದ್ದವು. ಆ ಪತ್ರ ಆನ್‌ಲೈನಿನಲ್ಲಿ ಸಿಕ್ಕರೆ ಗುರುತನ್ನು ರಬ್ಬರಿನಂಥ ಸಿಲಿಕೋನ್ ಮೇಲೆ ಎತ್ತಿಕೊಳ್ಳುತ್ತಾರೆ. 2023ರಲ್ಲಿ ನಮ್ಮ ರಾಜ್ಯದಲ್ಲೂ ಇಂಥ ದೂರುಗಳು ಬಂದಿದ್ದವು. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು. ಬೆರಳನ್ನು?

ಇನ್ನು ನಿಮ್ಮ ಪ್ರಶ್ನೆಗೆ ಬರೋಣ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್‌ನಲ್ಲಿ ಹೇಳಿದರು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದಾದ ಮೇಲೆ ಕಾನೂನು ಬರೋಕೆ 2023 ಆಯಿತು, ನಿಯಮಗಳಿಗೆ 2025ರ ನವೆಂಬರ್. ಕಂಪನಿಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ ಮತ್ತೆ 18 ತಿಂಗಳ ಗಡುವು. ಕಳ್ಳರಿಗೆ ಯಾವ ಗಡುವೂ ಇಲ್ಲ ನೋಡಿ.

ಮಾಹಿತಿ ಸೋರಿದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಕೇಳೋಕೆ ಚೆನ್ನಾಗಿದೆ. ಆದರೆ ಆ ದುಡ್ಡು ಹೋಗುವುದು ಸರ್ಕಾರದ ಬೊಕ್ಕಸಕ್ಕೆ, ಕಳೆದುಕೊಂಡವರಿಗೆ ಒಂದು ಪೈಸೆಯೂ ಇಲ್ಲ. ಹಳೆಯ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 43ಎ ಕಲಮಿನಲ್ಲಿ, ಮಾಹಿತಿ ಕಾಯದ ಕಂಪನಿಯಿಂದ ಪರಿಹಾರ ಕೇಳುವ ಅವಕಾಶವಿದೆ. ಹೊಸ ಕಾನೂನು ಪೂರ್ತಿ ಜಾರಿಯಾದಾಗ ಆ ಕಲಮೇ ಹೋಗುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ. ಇದ್ದ ಒಂದು ಬಾಗಿಲನ್ನೂ ಮುಚ್ಚಿ, ಅದಕ್ಕೆ ರಕ್ಷಣೆ ಅಂತ ಹೆಸರಿಟ್ಟರು. ಸರ್ಕಾರಿ ಕಚೇರಿಯಿಂದಲೇ ಸೋರಿದ್ದರೆ 43ಎ ಕೂಡ ಕೆಲಸಕ್ಕೆ ಬರುವುದಿಲ್ಲ, ಅದು ಕಂಪನಿಗಳಿಗೆ ಮಾತ್ರ. ಹೊಸ ಕಾನೂನಿನಲ್ಲೂ ತಾನು ಹೆಸರಿಸಿದ ಸರ್ಕಾರಿ ಸಂಸ್ಥೆಗಳಿಗೆ ದೇಶದ ಭದ್ರತೆಯಂಥ ಕಾರಣ ಕೊಟ್ಟು ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರ ಇಟ್ಟುಕೊಂಡಿದೆ.

ಬ್ಯಾಂಕಿನವರು ಬರಹದಲ್ಲಿ ಏನು ಉತ್ತರ ಕೊಟ್ಟರು ಅಂತ ನಮಗೂ ತಿಳಿಸಿ. ಅವ್ವನ ಹೆಸರು ಬಿಟ್ಟು ಪ್ರಕಟಿಸುತ್ತೇವೆ.

– ಸಂ.