ಹಾಡು ಕೇಳೋಕೆ, ಸ್ವಲ್ಪ ರೆಕಾರ್ಡಿಂಗಿಗೆ ಕಡಿಮೆ ಬೆಲೆಯ ಸೌಂಡ್ ಕಾರ್ಡ್ ಯಾವುದು?

ಹೆಡ್‌ಫೋನಿನಲ್ಲಿ ಕಿರ್ರೆಂಬ ಸದ್ದು ಬರುತ್ತದೆ, ಮೌಸ್ ಅಲ್ಲಾಡಿಸಿದರೆ ಅದು ಏರಿಳಿಯುತ್ತದೆ, ಅದಕ್ಕೇ ಸೌಂಡ್ ಕಾರ್ಡ್ ಬೇಕು ಎಂದಿದ್ದೀರಿ. ದುಡ್ಡು ಹಾಕುವ ಮೊದಲು ಹೆಡ್‌ಫೋನನ್ನು ಕ್ಯಾಬಿನೆಟ್ಟಿನ ಹಿಂಬದಿಯ ಹಸಿರು ಜಾಕಿಗೆ ಹಾಕಿ ಕೇಳಿ. ಮುಂದಿನ ಜಾಕಿಗೆ ಹೋಗುವ ತೆಳು ವೈರು ಮದರ್‌ಬೋರ್ಡಿನ ಮೇಲೆ ಉದ್ದಕ್ಕೆ, ಎಷ್ಟೋ ಸಲ ಗ್ರಾಫಿಕ್ಸ್ ಕಾರ್ಡಿನ ಪಕ್ಕದಲ್ಲೇ ಹಾದುಬರುತ್ತದೆ. ಅಲ್ಲಿನ ವಿದ್ಯುತ್ ಏರಿಳಿತವೆಲ್ಲ ಅದರೊಳಗೆ ಸೇರಿಕೊಳ್ಳುತ್ತದೆ. ಹಿಂದಿನ ಜಾಕಿನಲ್ಲಿ ಸದ್ದು ನಿಂತರೆ ಕಾರ್ಡೇ ಬೇಡ, ಒಂದು ಎಕ್ಸ್‌ಟೆನ್ಷನ್ ವೈರು ಸಾಕು.

ಹೆಡ್‌ಫೋನಿನಲ್ಲಿ ಸರಿಯಿದ್ದು, ಕರೆಂಟಿಗೆ ಹಾಕಿದ ಸ್ಪೀಕರಿನಲ್ಲಿ ಮಾತ್ರ ಗುಂಯ್ ಎಂದರೆ ಅದು ಬಹುಮಟ್ಟಿಗೆ ಗ್ರೌಂಡ್ ಲೂಪ್, ಅಂದರೆ ಎರಡು ಸಾಧನಗಳ ಅರ್ಥಿಂಗ್ ವೈರುಗಳ ನಡುವೆ ಸುತ್ತಿ ಹರಿಯುವ ವಿದ್ಯುತ್ತಿನ ಸದ್ದು. ಕಂಪ್ಯೂಟರ್, ಸ್ಪೀಕರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಹೋಗದಿದ್ದರೆ ಆಡಿಯೋ ವೈರಿನ ನಡುವೆ ಆ ಸುತ್ತನ್ನು ಕಡಿಯುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಬೇಕು. ಆಂಪ್ಲಿಫೈಯರಿನಲ್ಲಿ ಆಪ್ಟಿಕಲ್ ಇನ್‌ಪುಟ್ ಇದ್ದರೆ ಅದು ಇನ್ನೂ ಒಳ್ಳೆಯದು, ಅದರಲ್ಲಿ ಹರಿಯುವುದು ಬೆಳಕು, ವಿದ್ಯುತ್ತಲ್ಲ. ಸದ್ದು ಹೋಗಲೆಂದು ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಕೀಳಬೇಡಿ, ಶಾಕ್ ಹೊಡೆದರೆ ಜೀವಕ್ಕೇ ಅಪಾಯ.

ಇಷ್ಟಾದರೂ ಕಿರಿಕಿರಿ ಹೋಗದಿದ್ದರೆ ಕಾರ್ಡಿನ ಮಾತು. ಒಳಗೆ ಕೂರಿಸುವ ಕಾರ್ಡಿಗಿಂತ ಹೊರಗಿನ ಯುಎಸ್‌ಬಿ ಸಾಧನವನ್ನೇ ನಾನು ಹೇಳುವುದು. ಕಾರಣ ಸರಳ: ಡಿಜಿಟಲ್ ಸಂಕೇತ ಅನಲಾಗ್ ಆಗುವ ಜಾಗ ಕ್ಯಾಬಿನೆಟ್ಟಿನ ಗದ್ದಲದಿಂದ ಆಚೆ ಬರುತ್ತದೆ. ನಾಳೆ ಲ್ಯಾಪ್‌ಟಾಪಿಗೂ ಹಾಕಬಹುದು. ಹಿಂದೆ ಆಟ ಆಡುವವರು ಒಳಗಿನ ಕಾರ್ಡನ್ನೇ ಹುಡುಕುತ್ತಿದ್ದುದಕ್ಕೆ ಅರ್ಥವಿತ್ತು, ಧ್ವನಿಯ ಲೆಕ್ಕಾಚಾರವನ್ನು ಕಾರ್ಡೇ ಮಾಡುತ್ತಿತ್ತು. 2007ರಲ್ಲಿ ಬಂದ ವಿಂಡೋಸ್ ವಿಸ್ಟಾ ಡೈರೆಕ್ಟ್‌ಸೌಂಡಿನ (ಆಟಗಳು ಧ್ವನಿ ನುಡಿಸಲು ಬಳಸುತ್ತಿದ್ದ ವಿಂಡೋಸಿನ ವ್ಯವಸ್ಥೆ) ಆ ಸೌಲಭ್ಯವನ್ನು ತೆಗೆದುಹಾಕಿತು, ಹಾಗಾಗಿ ಆ ಕಾರಣ ಈಗ ಉಳಿದಿಲ್ಲ. ಒಳಗಿನದೇ ಬೇಕೆಂದರೆ ಏಸುಸ್ ಝೋನಾರ್ ಎಸ್‌ಇ ತರಹದ, ಮದರ್‌ಬೋರ್ಡಿನ ಈಗಿನ ಸ್ಲಾಟಿಗೆ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ನೋಡಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಎಚ್ಚರ: ಹಳೆಯ ಪಿಸಿಐ ಕಾರ್ಡ್ ಈಗಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ಕೂರುವುದೇ ಇಲ್ಲ.

ಬರೀ ಕೇಳುವುದಕ್ಕಾದರೆ ಕ್ರಿಯೇಟಿವ್ ಸೌಂಡ್ ಬ್ಲಾಸ್ಟರ್ ಪ್ಲೇ 3 ಸಾಕು. 24 ಬಿಟ್, 96 ಕಿಲೋಹರ್ಟ್ಸ್‌ವರೆಗೆ ನುಡಿಸುತ್ತದೆ (ಧ್ವನಿಯನ್ನು ಎಷ್ಟು ಸೂಕ್ಷ್ಮವಾಗಿ, ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಎಂಬ ಲೆಕ್ಕ ಇವು). ಸಿಡಿಯ ಗುಣಮಟ್ಟ 16 ಬಿಟ್, 44.1 ಕಿಲೋಹರ್ಟ್ಸ್ ಅಷ್ಟೇ, ಹಾಗಾಗಿ ಡಬ್ಬಿಯ ಮೇಲಿನ 192, 384 ಎಂಬ ಅಂಕಿಗಳಿಗೆ ಹೆಚ್ಚು ಹಣ ಕೊಡಬೇಡಿ. ಯುಎಸ್‌ಬಿ-ಸಿ ಪೋರ್ಟ್ ಇದ್ದರೆ ಆಪಲ್ಲಿನ ಪುಟ್ಟ ಹೆಡ್‌ಫೋನ್ ಅಡಾಪ್ಟರ್ ಕೂಡ ವಿಂಡೋಸಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಗಾತ್ರ ನೋಡಿ ಕಡೆಗಣಿಸಬೇಡಿ. ಆಂಡ್ರಾಯ್ಡ್ ಫೋನಿಗೂ ಆಗಲಿ ಎಂದು ಕೊಂಡರೆ ಅಲ್ಲಿ ಸದ್ದು ತೀರಾ ಮೆಲ್ಲಗೆ ಕೇಳಿಸಬಹುದು. ತೀರಾ ಅಗ್ಗದ ಯುಎಸ್‌ಬಿ ಕಡ್ಡಿಗಳ ಮೇಲೆ 7.1 ಎಂದು ಬರೆದಿರುತ್ತದೆ. ಹಿಂದೆ ಒಂದೇ ಸ್ಟೀರಿಯೋ ಜಾಕ್ ಇರುವಾಗ ಎಂಟು ಚಾನೆಲ್ ಹೊರಬರುವುದು ಹೇಗೆ? ಅದು ಸಾಫ್ಟ್‌ವೇರಿನ ಅನುಕರಣೆ ಮಾತ್ರ.

ಹೆಡ್‌ಫೋನಿನ ಇಂಪಿಡೆನ್ಸ್ (ವಿದ್ಯುತ್ತಿಗೆ ಅದು ಒಡ್ಡುವ ತಡೆ) ಎಷ್ಟೆಂದು ನೋಡಿಕೊಳ್ಳಿ. 16ರಿಂದ 32 ಓಮ್‌ನವಕ್ಕೆ ಸಾಮಾನ್ಯವಾಗಿ ಮೇಲಿನ ಯಾವುದಾದರೂ ಆಗುತ್ತದೆ. 250, 300 ಓಮ್‌ನವಾದರೆ ಹೆಚ್ಚು ವೋಲ್ಟೇಜ್ ಬೇಕು, ಈ ಸಣ್ಣ ಸಾಧನಗಳಲ್ಲಿ ಸದ್ದು ಸಾಲದು, ಪ್ರತ್ಯೇಕ ಹೆಡ್‌ಫೋನ್ ಆಂಪ್ಲಿಫೈಯರ್ ಬೇಕಾಗುತ್ತದೆ.

ರೆಕಾರ್ಡಿಂಗ್ ಕತೆಯೇ ಬೇರೆ. ಹಾಡಿಗೋ ವಾದ್ಯಕ್ಕೋ ಆದರೆ ಸೌಂಡ್ ಕಾರ್ಡ್ ಬಿಟ್ಟು ಆಡಿಯೋ ಇಂಟರ್‌ಫೇಸ್, ಅಂದರೆ ಮೈಕು, ವಾದ್ಯಗಳನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಸೇರಿಸುವ ಡಬ್ಬಿ ತೆಗೆದುಕೊಳ್ಳಿ. ಕಂಪ್ಯೂಟರಿನ ಗುಲಾಬಿ ಜಾಕ್ ಸಣ್ಣ ಹೆಡ್‌ಸೆಟ್ ಮೈಕಿಗೆಂದು ಮಾಡಿದ್ದು. ಎಕ್ಸ್‌ಎಲ್‌ಆರ್ ಮೈಕನ್ನು (ಸ್ಟುಡಿಯೋ, ವೇದಿಕೆಯಲ್ಲಿ ಬಳಸುವ ಮೂರು ಪಿನ್ನಿನ ಮೈಕು) ಅಡಾಪ್ಟರ್ ಹಾಕಿ ಅದಕ್ಕೆ ಸಿಕ್ಕಿಸಿದರೆ ದನಿಗಿಂತ ಸುಯ್ ಸದ್ದೇ ಜಾಸ್ತಿ. ಬೆರಿಂಗರ್ ಯುಎಂ2 ಕಡಿಮೆ ಬೆಲೆಯದು, 16 ಬಿಟ್, 48 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ, ಕಲಿಕೆಗೆ ಸಾಕು. ಕೈಯಲ್ಲಿ ಸ್ವಲ್ಪ ಹೆಚ್ಚಿದ್ದರೆ ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ: 24 ಬಿಟ್, ಜೊತೆಗೆ ಕಂಪನಿಯದೇ ಆಸಿಯೋ ಡ್ರೈವರ್ (ರೆಕಾರ್ಡಿಂಗಿನಲ್ಲಿ ಧ್ವನಿ ತಡವಾಗುವುದನ್ನು ತಗ್ಗಿಸುವ ತಂತ್ರಾಂಶ). ಎರಡರಲ್ಲೂ ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕಿನ ವೈರಿನಲ್ಲೇ ಹೋಗುವ ವಿದ್ಯುತ್) ಇದೆ. ಹಾಡುವಾಗ ನಿಮ್ಮ ದನಿ ತಡವಾಗಿ ಕಿವಿಗೆ ಬಿದ್ದರೆ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿ, ಆಗ ಮೈಕಿನ ದನಿ ಕಂಪ್ಯೂಟರನ್ನು ಸುತ್ತಿ ಬರುವುದಿಲ್ಲ. ಅತಿ ಜೋರಾಗಿ ಹಾಡಿದಾಗಲೂ ಮೀಟರ್ ಮೈನಸ್ 12 ಡೆಸಿಬೆಲ್ ಸುತ್ತಮುತ್ತ ನಿಲ್ಲುವಂತೆ ಗೇನ್ (ಮೈಕಿನ ದನಿಯನ್ನು ಎಷ್ಟು ಹಿಗ್ಗಿಸಬೇಕೆಂಬ) ಗುಂಡಿ ತಿರುಗಿಸಿ. ಸೊನ್ನೆ ದಾಟಿ ಒಡೆದ ದನಿಯನ್ನು ಆಮೇಲೆ ಸರಿಮಾಡುವುದು ಬಹಳ ಕಷ್ಟ.

ತಂದ ಮೇಲೆ ಹಬ್ ಬೇಡ, ಹಿಂಬದಿಯ ಪೋರ್ಟಿಗೆ ನೇರ ಹಾಕಿ. ವಿಂಡೋಸಿನ ಸೌಂಡ್ ಸೆಟ್ಟಿಂಗ್ಸಿನಲ್ಲಿ ಹೊಸ ಸಾಧನವನ್ನು ಡಿಫಾಲ್ಟ್ ಮಾಡಿ, ಎನ್‌ಹ್ಯಾನ್ಸ್‌ಮೆಂಟ್‌ಗಳನ್ನೆಲ್ಲ ಆಫ್ ಮಾಡಿ. ಮಧ್ಯೆ ಮಧ್ಯೆ ಪಟ್ ಪಟ್ ಎಂದು ಕತ್ತರಿಸಿದರೆ ಬೇರೊಂದು ಪೋರ್ಟಿಗೆ ಬದಲಿಸಿ. ಆಮೇಲೂ ಹಾಗೇ ಇದ್ದರೆ ಸಂಶಯ ವೈಫೈ ಅಥವಾ ಗ್ರಾಫಿಕ್ಸ್ ಡ್ರೈವರಿನ ಮೇಲೆ. ಲೇಟೆನ್ಸಿಮಾನ್ ಎಂಬ ಉಚಿತ ತಂತ್ರಾಂಶವನ್ನು ಹತ್ತು ನಿಮಿಷ ಓಡಿಸಿ, ಯಾವ ಡ್ರೈವರ್ ತಡಮಾಡುತ್ತಿದೆ ಎಂದು ಹೆಸರು ಹಿಡಿದು ತೋರಿಸುತ್ತದೆ, ಅದನ್ನು ಅಪ್‌ಡೇಟ್ ಮಾಡಿ. ಮೌಸಿನ ಆ ಹಳೆಯ ಕಿರ್ರ್ ಸದ್ದೇ ಇದರಲ್ಲೂ ಕೇಳಿದರೆ ಯುಎಸ್‌ಬಿಯ ವಿದ್ಯುತ್ತಿನಲ್ಲೇ ಗದ್ದಲ ಇರಬಹುದು. ಆಗ ಮಾತ್ರ ಸ್ವಂತ ಅಡಾಪ್ಟರ್ ಇರುವ ಹಬ್ಬಿನ ಮೂಲಕ ಕೊಟ್ಟು ನೋಡಿ. ಈ ಪರೀಕ್ಷೆಯನ್ನೆಲ್ಲ ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಮಾಡಿಬಿಡಿ.