3 ÷ 4 ಮತ್ತು 3/4 ಎರಡೂ ಒಂದೇ ಅಂತ ಐದನೇ ಕ್ಲಾಸಿನ ಮಗಳಿಗೆ ಹೇಗೆ ಅರ್ಥ ಮಾಡಿಸೋದು?

ನಿಮ್ಮ ಮಗಳು 7 ÷ 4 ಕೊಟ್ರೆ "ಭಾಗಲಬ್ಧ 1, ಶೇಷ 3" ಅಂತ ಸರಿಯಾಗಿ ಮಾಡ್ತಾಳೆ, 7/4 ಕೊಟ್ರೆ ಅದೂ ಅದೇ ಲೆಕ್ಕ ಅಂತ ಹೊಳೆಯಲ್ಲ, 3 ÷ 4 ಕೊಟ್ರಂತೂ "ಚಿಕ್ಕದನ್ನ ದೊಡ್ಡದರಿಂದ ಭಾಗಿಸೋಕೆ ಬರಲ್ಲ" ಅಂತ ಪುಸ್ತಕ ಮುಚ್ಚಿಡ್ತಾಳೆ, ಮಿಶ್ರ ಭಿನ್ನರಾಶಿ ಮಾಡೋ ರೂಲ್ ಬಾಯಿಪಾಠ ಇದೆ ಆದ್ರೆ ಯಾಕೆ ಹಾಗೆ ಅಂತ ಗೊತ್ತಿಲ್ಲ ಅಂತ ಬರ್ದಿದೀರ. ನಾನು ಹಾಸನ ಕಡೆ ಐದು ಆರನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳ್ಕೊಡೋಳು. ಪ್ರತಿ ವರ್ಷ ಒಂದಷ್ಟು ಮಕ್ಕಳು ಕರೆಕ್ಟಾಗಿ ಇಲ್ಲೇ ಸಿಕ್ಕಾಕೊಳ್ತಾರೆ, ಅದರಲ್ಲಿ ಚುರುಕು ಮಕ್ಕಳೂ ಇರ್ತಾರೆ, ಹಾಗಾಗಿ ಮಗಳು ಗಣಿತದಲ್ಲಿ ವೀಕು ಅಂತ ಈಗಲೇ ತೀರ್ಮಾನ ಮಾಡ್ಬೇಡಿ.

ಏನಾಗಿರುತ್ತೆ ಅಂದ್ರೆ, ಮಕ್ಕಳಿಗೆ ಭಿನ್ನರಾಶಿ ಅಂದ್ರೆ ಚಿತ್ರಕ್ಕೆ ಬಣ್ಣ ಹಚ್ಚೋದು. ಒಂದು ವೃತ್ತ, ನಾಲ್ಕು ಭಾಗ, ಮೂರಕ್ಕೆ ಬಣ್ಣ, ಬರಿ 3/4. ಭಾಗಾಕಾರ ಅಂದ್ರೆ ಬೇರೆ ಪಾಠ, ಅಲ್ಲಿ ಸಮನಾಗಿ ಹಂಚೋದು, ಹಂಚೋಕಾಗದೆ ಉಳಿದಿದ್ದನ್ನ ಶೇಷ ಅಂತ ಬರೆದು ಕೈ ತೊಳ್ಕೊಳೋದು. ಮೂರನೇ ನಾಲ್ಕನೇ ಕ್ಲಾಸಲ್ಲಿ ಬರೋ ಭಾಗಾಕಾರದ ಲೆಕ್ಕ ಎಲ್ಲದರಲ್ಲೂ ದೊಡ್ಡ ಸಂಖ್ಯೆ ಒಳಗೆ ಚಿಕ್ಕದು ಹೊರಗೆ, ಅದಕ್ಕೇ "ಚಿಕ್ಕದನ್ನ ಭಾಗಿಸೋಕೆ ಬರಲ್ಲ" ಅನ್ನೋದನ್ನ ಯಾರೂ ಹೇಳ್ಕೊಡದೇನೇ ಮಕ್ಕಳು ತಾವೇ ಕಲ್ತಿರ್ತಾರೆ. ಹಾಗಾಗಿ ಮಗಳಿಗೆ ನೀವು ಹೇಳ್ಬೇಕಾಗಿರೋದು ಒಂದೇ ಮಾತು, ಶೇಷನೂ ಹಂಚು. ಉಳಿದಿರೋದನ್ನ ಕತ್ತರಿಸಿ ಹಂಚು. ಭಾಗಾಕಾರನ ಶೇಷದಲ್ಲಿ ನಿಲ್ಲಿಸದೆ ಪೂರ್ತಿ ಮಾಡಿದ್ರೆ ಬರೋ ಉತ್ತರವೇ ಭಿನ್ನರಾಶಿ.

ಇದನ್ನ ಬಾಯಲ್ಲಿ ಹೇಳಿದ್ರೆ ಆಗಲ್ಲ, ಚಪಾತಿ ಮಾಡಿದ ದಿನ ಅಡುಗೆಮನೆಯಲ್ಲೇ ಕೂರಿಸ್ಕೊಳಿ (ದೋಸೆ ಬೇಡ, ಹರಿದುಹೋಗುತ್ತೆ, ಹೋಳಿಗೆ ಇದ್ರೆ ಇನ್ನೂ ಒಳ್ಳೇದು ಆದ್ರೆ ಲೆಕ್ಕ ಮುಗಿಯೋ ತನಕ ಉಳಿಯಲ್ಲ). ನಾಲ್ಕು ತಟ್ಟೆ ಇಡಿ. ಮೊದ್ಲು ಒಂದೇ ಒಂದು ಚಪಾತಿ ಕೊಟ್ಟು ನಾಲ್ಕು ಜನಕ್ಕೆ ಹಂಚು ಅನ್ನಿ. ತಲಾ ಕಾಲು ಚಪಾತಿ ಅಂತ ಯಾವ ಮಗೂನಾದ್ರೂ ಹೇಳುತ್ತೆ. ಅದನ್ನ ಅಲ್ಲೇ ಬರೆಸಿ: 1 ÷ 4 = 1/4. ನೋಡಿ, ಚಿಕ್ಕದನ್ನ ದೊಡ್ಡದರಿಂದ ಭಾಗಿಸಿ ಆಯ್ತು, ಗಲಾಟೆನೇ ಇಲ್ಲ.

ಈಗ ಮೂರು ಚಪಾತಿ ಕೊಡಿ, ತಟ್ಟೆ ನಾಲ್ಕೇ ಇರ್ಲಿ. ಹೇಗೆ ಕತ್ತರಿಸ್ಬೇಕು ಅಂತ ನೀವು ಹೇಳ್ಕೊಡ್ಬೇಡಿ, ಸುಮ್ನೆ ನೋಡ್ತಾ ಇರಿ. ಕೆಲವು ಮಕ್ಕಳು ಒಂದೊಂದು ಚಪಾತಿನೂ ನಾಲ್ಕು ನಾಲ್ಕು ಚೂರು ಮಾಡಿ ಪ್ರತಿ ತಟ್ಟೆಗೂ ಪ್ರತಿ ಚಪಾತಿಯಿಂದ ಒಂದು ಚೂರು ಹಾಕ್ತಾರೆ. ಇನ್ನು ಕೆಲವರು ಎರಡು ಚಪಾತಿನ ಅರ್ಧ ಅರ್ಧ ಮಾಡಿ ಎಲ್ಲರಿಗೂ ಅರ್ಧ ಹಾಕಿ, ಉಳಿದ ಒಂದನ್ನ ಕಾಲು ಕಾಲು ಮಾಡಿ ಮೇಲಿಡ್ತಾರೆ. ಎರಡೂ ಸರಿ. ಅರ್ಧ ಮತ್ತು ಕಾಲು ಸೇರಿದ್ರೆ ಮುಕ್ಕಾಲೇ ತಾನೆ. ಈ ಎರಡನೇ ದಾರಿ ಹಿಡಿಯೋ ಮಗೂಗೆ ದಯವಿಟ್ಟು ಬೈಬೇಡಿ, ಕ್ರಿಸ್ತಪೂರ್ವ 1550ರ ಸುಮಾರಿಗೆ ಈಜಿಪ್ಟಲ್ಲಿ ಲೆಕ್ಕ ಬರೀತಿದ್ದವರು ಹೆಚ್ಚುಕಮ್ಮಿ ಹೀಗೇ ಮಾಡ್ತಿದ್ರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ರಿಂಡ್ ಪ್ಯಾಪಿರಸ್ ಅಂತ ಒಂದು ಸುರುಳಿ ಇದೆ, ಅದರ ಶುರುವಿನ ಲೆಕ್ಕಗಳೇ ಹತ್ತು ಜನಕ್ಕೆ ರೊಟ್ಟಿ ಹಂಚೋದು, ಅದರಲ್ಲಿ 6 ರೊಟ್ಟಿನ 10 ಜನಕ್ಕೆ ಹಂಚೋಕೆ ತಲಾ ಅರ್ಧ ಮತ್ತು ಹತ್ತನೇ ಒಂದು ಭಾಗ ಅಂತ ಉತ್ತರ. ಲೆಕ್ಕ ಹಾಕಿ ನೋಡಿ, 6/10 ಸರಿಯಾಗಿ ಬರುತ್ತೆ.

ಇಲ್ಲಿ ಒಂದು ಕಡೆ ಸ್ವಲ್ಪ ನಿಲ್ಲಿಸ್ಬೇಕು, ಯಾಕಂದ್ರೆ ಅಸಲಿ ಗೊಂದಲ ಇರೋದೇ ಇಲ್ಲಿ. ಪುಸ್ತಕದ ಚಿತ್ರದಲ್ಲಿ 3/4 ಅಂದ್ರೆ ಒಂದೇ ಚಪಾತಿಯ ಮೂರು ಚೂರು. ತಟ್ಟೆಯಲ್ಲಿರೋ ಮೂರು ಚೂರು ಮೂರು ಬೇರೆ ಬೇರೆ ಚಪಾತಿಯಿಂದ ಬಂದಿದೆ. ಮಗು ಅನುಮಾನ ಪಡೋದು ನ್ಯಾಯವೇ, ಎರಡೂ ಒಂದೇ ಹೇಗಾಗುತ್ತೆ? ಆಗ ಯಾವುದಾದ್ರೂ ಒಂದು ತಟ್ಟೆಯ ಮೂರು ಚೂರನ್ನ ಮೂತಿ ಮೂತಿ ಸೇರಿಸಿ ದುಂಡಗೆ ಜೋಡಿಸೋಕೆ ಹೇಳಿ. ಒಂದು ಕಾಲುಭಾಗ ಕಾಣೆಯಾಗಿರೋ ಚಪಾತಿ ಆಗುತ್ತೆ, ಪುಸ್ತಕದಲ್ಲಿ ಬಣ್ಣ ಹಚ್ಚಿದ್ದ ಅದೇ ಚಿತ್ರ. ಚಪಾತಿ ಒಂದೇ ಸೈಜ್ ಇರೋ ತನಕ ಚೂರು ಎಲ್ಲಿಂದ ಬಂತು ಅನ್ನೋದು ಲೆಕ್ಕಕ್ಕೆ ಬರಲ್ಲ. ಒಂದೊಂದು ಚಪಾತಿಯಿಂದ 1/4, ಮೂರು ಚಪಾತಿ ಅಂದ್ರೆ ಮೂರು ಸಲ 1/4, ಅಂದ್ರೆ 3/4. ಇಷ್ಟು ಕಂಡ್ಮೇಲೆ ಅಂಶ ಅಂದ್ರೆ ಹಂಚ್ಬೇಕಾದ್ದು, ಛೇದ ಅಂದ್ರೆ ಎಷ್ಟು ಜನಕ್ಕೆ ಅಂತ ಹೇಳಿ, ಮಧ್ಯದ ಗೆರೆನ "ಭಾಗಿಸು" ಅಂತ ಓದಿಸಿ. ÷ ಚಿಹ್ನೆನೂ ತೋರ್ಸಿ, ಗೆರೆ ಮೇಲೊಂದು ಚುಕ್ಕಿ ಕೆಳಗೊಂದು ಚುಕ್ಕಿ, ಮೇಲಿನ ಚುಕ್ಕಿ ಜಾಗದಲ್ಲಿ 3 ಕೆಳಗಿನ ಚುಕ್ಕಿ ಜಾಗದಲ್ಲಿ 4 ಇಟ್ರೆ ಭಿನ್ನರಾಶಿನೇ ಆಯ್ತು, ನೆನಪಿಟ್ಕೊಳೋಕೆ ಇದು ಸುಲಭ.

ಇಷ್ಟಾದ್ಮೇಲೆ 7 ÷ 4ಗೆ ಬನ್ನಿ. ಪೆನ್ಸಿಲ್ ಹಿಡಿಯೋ ಮೊದ್ಲೇ ಒಂದು ಪ್ರಶ್ನೆ ಕೇಳಿ: ಏಳು ಚಪಾತಿ, ನಾಲ್ಕು ಜನ, ಒಬ್ಬರಿಗೆ ಒಂದಕ್ಕಿಂತ ಜಾಸ್ತಿ ಸಿಗುತ್ತಾ ಕಮ್ಮಿ ಸಿಗುತ್ತಾ? ಎರಡು ಸಿಗುತ್ತಾ? ಎರಡು ಸಿಗ್ಬೇಕಾದ್ರೆ ಎಂಟು ಇರ್ಬೇಕಿತ್ತು, ಹಾಗಾಗಿ ಒಂದಕ್ಕಿಂತ ಜಾಸ್ತಿ, ಎರಡಕ್ಕಿಂತ ಸ್ವಲ್ಪ ಕಮ್ಮಿ. ಈ ಅಂದಾಜು ಬಂದ್ರೆ ಆಮೇಲೆ ಉತ್ತರ ತಪ್ಪಾದ್ರೆ ಅವಳಿಗೇ ಗೊತ್ತಾಗುತ್ತೆ. ಈಗ ಹಂಚಿಸಿ, ಎಲ್ಲರಿಗೂ ಒಂದೊಂದು ಇಡೀ ಚಪಾತಿ, ಉಳಿದಿದ್ದು ಮೂರು. ಇಷ್ಟು ದಿನ ಇದನ್ನೇ "ಶೇಷ 3" ಅಂತ ಬರೆದು ಬಿಟ್ಬಿಡ್ತಿದ್ಲು. ಮೂರು ಚಪಾತಿ ನಾಲ್ಕು ಜನಕ್ಕೆ ಹಂಚೋದು ಆಗ್ಲೇ ಮಾಡಿ ಮುಗಿಸಿದೀವಲ್ಲ, ತಲಾ ಮುಕ್ಕಾಲು. ಒಟ್ಟು ಒಬ್ಬೊಬ್ಬರಿಗೆ ಒಂದೂಮುಕ್ಕಾಲು, 1¾. ಈಗ ಇನ್ನೊಂದು ಥರ ಮಾಡ್ಸಿ, ಇಡೀ ಚಪಾತಿ ಯಾರಿಗೂ ಕೊಡ್ದೆ ಏಳನ್ನೂ ಕಾಲು ಕಾಲು ಚೂರು ಮಾಡಿ, ಪ್ರತಿ ಚಪಾತಿಯಿಂದ ಒಬ್ಬೊಬ್ಬರಿಗೆ ಒಂದು ಚೂರು. ತಲಾ ಏಳು ಕಾಲುಗಳು, ಅಂದ್ರೆ 7/4. ಹೊಟ್ಟೆಗೆ ಹೋಗೋದು ಎರಡರಲ್ಲೂ ಅಷ್ಟೇ. ವಿಷಮ ಭಿನ್ನರಾಶಿ, ಮಿಶ್ರ ಭಿನ್ನರಾಶಿ ಅಂತ ಪುಸ್ತಕದಲ್ಲಿ ಎರಡು ಹೆಸರು ಕೊಟ್ಟು ಎರಡು ಡೆಫಿನಿಶನ್ ಬರೆಸ್ತಾರಲ್ಲ ಅದು ಇಷ್ಟೇ, ಪೂರ್ತಿ ಚೂರು ಮಾಡಿದ್ರೆ 7/4, ಇಡೀದನ್ನ ಇಡೀಯಾಗೇ ಬಿಟ್ರೆ 1¾.

ಬರೆಯೋವಾಗ ಭಾಗಲಬ್ಧ ಪೂರ್ಣಾಂಕ ಆಗುತ್ತೆ, ಶೇಷ ಅಂಶ ಆಗುತ್ತೆ, ಭಾಜಕ ಛೇದವಾಗೇ ಉಳಿಯುತ್ತೆ. ರೂಲ್ ಬಾಯಿಪಾಠ ಮಾಡಿರೋ ಮಕ್ಕಳು ಇಲ್ಲಿ 1 ಪಕ್ಕ 3/7 ಅಂತ ಬರೆಯೋದು ಸಿಕ್ಕಾಪಟ್ಟೆ ಕಾಮನ್, ಇನ್ನು ಕೆಲವರು 1.3 ಅಂತ ಬರೀತಾರೆ. ಬೈಯೋ ಬದ್ಲು "ಉಳಿದ ಮೂರನ್ನ ಎಷ್ಟು ಜನಕ್ಕೆ ಹಂಚಿದೆ?" ಅಂತ ಕೇಳಿ ಸಾಕು, ಏಳು ಜನ ಎಲ್ಲಿದ್ರು ಅಂತ ಅವರೇ ಅಳಿಸ್ತಾರೆ.

ಇನ್ನೊಂದು ಜಾಗದಲ್ಲಿ ಹುಷಾರಾಗಿರಿ. 7/4ಗೆ ಚಿತ್ರ ಬರೆಯೋವಾಗ ಎರಡು ವೃತ್ತ ಬೇಕಾಗುತ್ತೆ, ನಾಲ್ಕು ನಾಲ್ಕು ಭಾಗ, ಒಟ್ಟು ಎಂಟು ಮನೆ, ಏಳಕ್ಕೆ ಬಣ್ಣ. ಮಗು ಅದನ್ನ ನೋಡಿ 7/8 ಅನ್ನುತ್ತೆ. ಚಿತ್ರದಲ್ಲಿ ನಿಜವಾಗ್ಲೂ ಎಂಟು ಮನೆ ಇದೆಯಲ್ಲ, ಅವಳು ಎಣಿಸಿದ್ದು ತಪ್ಪಲ್ಲ. ತಪ್ಪಿರೋದು "ಒಂದು" ಅಂದ್ರೆ ಯಾವುದು ಅನ್ನೋದ್ರಲ್ಲಿ. ಎರಡು ಚಪಾತಿ ಸೇರಿಸಿ ಒಂದು ಅಂದ್ರೆ 7/8 ಸರಿ, ಒಂದು ಚಪಾತಿನ ಒಂದು ಅಂದ್ರೆ 7/4 ಸರಿ. ಅದಕ್ಕೇ ನಾನು ಈ ಹಂತದಲ್ಲಿ ವೃತ್ತ ಬಿಟ್ಟು ಪೇಪರ್ ಪಟ್ಟಿಗೆ ಬರ್ತೀನಿ. ಒಂದು ಉದ್ದ ಪಟ್ಟಿ ಮೇಲೆ 0, 1, 2, 3 ಅಂತ ಗುರುತು ಹಾಕಿ, ಒಂದೊಂದರ ಮಧ್ಯೆ ನಾಲ್ಕು ಸಮಭಾಗ. 0ಯಿಂದ ಕಾಲು ಕಾಲಾಗಿ ಏಳು ಹೆಜ್ಜೆ ಇಟ್ರೆ 1 ದಾಟಿ 2ಕ್ಕೆ ಒಂದು ಹೆಜ್ಜೆ ಮುಂಚೆ ನಿಲ್ತಾಳೆ. ಅದೇ ಜಾಗಕ್ಕೆ ಮೇಲೆ 7/4, ಕೆಳಗೆ 1¾ ಅಂತ ಬರೆಸಿ. ಎಂಟನೇ ಹೆಜ್ಜೆ 8/4, ಅದು 2, ಶೇಷನೇ ಇಲ್ಲ. ಪಟ್ಟಿಯಲ್ಲಿ 1 ಎಲ್ಲಿದೆ ಅಂತ ಕಣ್ಣಿಗೆ ಕಾಣ್ತಿರುತ್ತೆ, ಹಾಗಾಗಿ 7/8 ಅನ್ನೋ ಮಾತು ಬರಲ್ಲ.

ವಾಪಸ್ ತಿರುಗಿಸೋ ರೂಲ್ ಬಗ್ಗೆ ಕೇಳಿದೀರ, "ಪೂರ್ಣಾಂಕ ಇಂಟು ಛೇದ, ಪ್ಲಸ್ ಅಂಶ" ಯಾಕೆ ಅಂತ. 4⅗ ತಗೊಳಿ. ನಾಲ್ಕು ಇಡೀ ಚಪಾತಿ, ಒಂದೊಂದರಲ್ಲೂ ಐದನೇ ಒಂದು ಭಾಗದ ಚೂರು ಐದೈದು, ಒಟ್ಟು 20 ಚೂರು, ಆಗ್ಲೇ ಚೂರಾಗಿರೋದು 3, ಸೇರಿ 23. ಎಲ್ಲ ಐದನೇ ಒಂದು ಭಾಗದ ಚೂರೇ ಆದ್ರಿಂದ 23/5. ರೂಲು ಅಂದ್ರೆ ಚೂರು ಎಣಿಸೋದಷ್ಟೇ. 4⅗ರಲ್ಲಿ 4 ಮತ್ತು ⅗ ಮಧ್ಯೆ ಏನೂ ಚಿಹ್ನೆ ಇಲ್ವಲ್ಲ, ಅಲ್ಲಿರೋದು ಕೂಡೋದು ಅಂತ ಈಗಲೇ ಗಟ್ಟಿಯಾಗಿ ಹೇಳ್ಬಿಡಿ, ಯಾಕಂದ್ರೆ ಮುಂದೆ ಬೀಜಗಣಿತದಲ್ಲಿ 4x ಅಂತ ಪಕ್ಕ ಪಕ್ಕ ಬಂದ್ರೆ ಗುಣಿಸೋದು, ಆಗ ಎರಡೂ ಕಲಸಿಕೊಳ್ಳುತ್ತೆ. ಅಂದಹಾಗೆ ಚಿಹ್ನೆ ಬಿಡೋ ಅಭ್ಯಾಸ ಇವತ್ತಿಂದಲ್ಲ. ನಮ್ಮ ದೇಶದ ಹಳೇ ಗಣಿತದಲ್ಲಿ 4⅗ ಅನ್ನ ಮೇಲೆ 4, ಅದರ ಕೆಳಗೆ 3, ಅದರ ಕೆಳಗೆ 5 ಅಂತ ಮೂರು ಸಾಲಲ್ಲಿ, ಮಧ್ಯೆ ಗೆರೆನೂ ಇಲ್ದೆ ಬರೀತಿದ್ರು. 9ನೇ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ನಮ್ಮ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ಗಣಿತ ಗ್ರಂಥದಲ್ಲಿ ಹೀಗೆ ಪೂರ್ಣಾಂಕಕ್ಕೆ ಭಿನ್ನ ಸೇರಿರೋ ಲೆಕ್ಕಗಳನ್ನೇ ಬೇರೆ ಗುಂಪು ಮಾಡಿ ಹೇಳಿದಾರೆ.

ಚಪಾತಿ ಲೆಕ್ಕ ಸರಾಗವಾದ್ಮೇಲೆ ಇನ್ನೊಂದು ಥರದ ಭಾಗಾಕಾರನೂ ಕೊಡಿ, ಇದನ್ನ ತುಂಬಾ ಜನ ಬಿಟ್ಬಿಡ್ತಾರೆ. 23 ಲೀಟರ್ ಎಣ್ಣೆ ಇದೆ, 5 ಲೀಟರಿನ ಕ್ಯಾನಿಗೆ ತುಂಬಿಸ್ಬೇಕು, ಎಷ್ಟು ಕ್ಯಾನ್ ತುಂಬುತ್ತೆ? ಇಲ್ಲಿ ಜನಕ್ಕೆ ಹಂಚ್ತಾ ಇಲ್ಲ, ಐದೈದಾಗಿ ಅಳೀತಿದೀವಿ. ನಾಲ್ಕು ಕ್ಯಾನ್ ಫುಲ್, ಮಿಕ್ಕಿದ್ದು 3 ಲೀಟರ್. ಆ 3 ಲೀಟರನ್ನ ಐದನೇ ಕ್ಯಾನಿಗೆ ಸುರಿದ್ರೆ ಅದು ಎಷ್ಟು ತುಂಬುತ್ತೆ, ಐದರಲ್ಲಿ ಮೂರು ಭಾಗ, ಅಂದ್ರೆ ⅗ ಕ್ಯಾನ್. ಶೇಷ ಅಂದಾಗ ಲೀಟರಲ್ಲಿ ಮಾತಾಡ್ತಿದ್ವಿ, ⅗ ಅಂದಾಗ ಕ್ಯಾನಲ್ಲಿ ಮಾತಾಡ್ತಿದೀವಿ. "3 ಏನು? ⅗ ಏನು?" ಅಂತ ಪ್ರತಿ ಸಲ ಕೇಳ್ತಾ ಇರಿ, ಲೀಟರಾ ಕ್ಯಾನಾ ಅಂತ. ಬರೀ ನಂಬರಲ್ಲೇ ಲೆಕ್ಕ ಮಾಡೋ ಮಗೂಗೆ ಇದು ಮೊದ್ಲು ಕಷ್ಟ ಅನ್ಸುತ್ತೆ.

ಹಾಗಂತ ಶೇಷ ಬರೆಯೋದೇ ತಪ್ಪು ಅಂತ ಅವಳ ತಲೆಗೆ ತುಂಬ್ಬೇಡಿ. 30 ÷ 4 ತಗೊಳಿ. 30 ಚಪಾತಿ 4 ಜನಕ್ಕೆ ಅಂದ್ರೆ ತಲಾ 7½. 30 ಪೆನ್ಸಿಲ್ 4 ಮಕ್ಕಳಿಗೆ ಅಂದ್ರೆ ತಲಾ 7, ಉಳಿದಿದ್ದು 2, ಪೆನ್ಸಿಲ್ ಮುರಿದು ಯಾರೂ ಕೊಡಲ್ಲ. 30 ಮಕ್ಕಳು ಟ್ರಿಪ್ ಹೋಗ್ಬೇಕು, ಒಂದು ಕಾರಲ್ಲಿ 4 ಮಕ್ಕಳು ಅಂದ್ರೆ 8 ಕಾರು ಬೇಕು, ಏಳೂವರೆ ಕಾರು ಬುಕ್ ಮಾಡೋಕಾಗಲ್ಲ. ಭಾಗಾಕಾರ ಒಂದೇ, ಉತ್ತರ ಮೂರು. ಪರೀಕ್ಷೆಯಲ್ಲೂ ಅಷ್ಟೇ, "ಭಾಗಲಬ್ಧ ಮತ್ತು ಶೇಷ ಬರೆಯಿರಿ" ಅಂತಿದ್ರೆ ಹಾಗೇ ಬರೀಲಿ, "ಮಿಶ್ರ ಭಿನ್ನರಾಶಿಯಲ್ಲಿ ಬರೆಯಿರಿ" ಅಂತಿದ್ರೆ 1¾. ಮಾರ್ಕ್ಸ್ ಕಟ್ ಆಗೋದು ಪ್ರಶ್ನೆ ಸರಿಯಾಗಿ ಓದದೇ ಇದ್ದಾಗ.

3 ÷ 4 ಮತ್ತು 4 ÷ 3 ಅದಲು ಬದಲು ಮಾಡ್ತಾಳೆ ಅಂತ ಕೊನೆಯಲ್ಲಿ ಬರ್ದಿದೀರ. ಅದಕ್ಕೆ ದುಡ್ಡಿನ ಲೆಕ್ಕ ಒಳ್ಳೇದು. 3 ರೂಪಾಯಿ 4 ಜನಕ್ಕೆ ಅಂದ್ರೆ ತಲಾ 75 ಪೈಸೆ, ರೂಪಾಯಿಗಿಂತ ಕಮ್ಮಿ. 4 ರೂಪಾಯಿ 3 ಜನಕ್ಕೆ ಅಂದ್ರೆ ರೂಪಾಯಿಗಿಂತ ಜಾಸ್ತಿ, ಒಂದು ರೂಪಾಯಿ ಮತ್ತು ಮೂರನೇ ಒಂದು ಭಾಗ. ತೊಂದ್ರೆ ಏನಂದ್ರೆ ಈಗಿನ ಮಕ್ಕಳು ಪೈಸೆನೇ ನೋಡಿಲ್ಲ, 25 ಪೈಸೆ ನಾಣ್ಯ 2011ರಲ್ಲೇ ಚಲಾವಣೆಯಿಂದ ಹೋಯ್ತು. ಮನೇಲಿ ಅಜ್ಜಿ ತಾತ ಇದ್ರೆ ಅವರ ಹತ್ರ ಕಳಿಸಿ, ರೂಪಾಯಿಗೆ 16 ಆಣೆ, ಮುಕ್ಕಾಲು ರೂಪಾಯಿ ಅಂದ್ರೆ 12 ಆಣೆ, 3 ರೂಪಾಯಿಗೆ 48 ಆಣೆ, ನಾಲ್ಕು ಜನಕ್ಕೆ ಹಂಚಿದ್ರೆ 12 ಅಂತ ಕೂತಲ್ಲೇ ಹೇಳ್ಬಿಡ್ತಾರೆ.

ಪ್ರಾಕ್ಟೀಸಿಗೆ 2 ÷ 3, 5 ÷ 2, 11 ÷ 4, 9 ÷ 9, 17 ÷ 5 ಕೊಡಿ. ಒಂದೊಂದಕ್ಕೂ ಮೊದ್ಲು ಉತ್ತರ ಯಾವ ಎರಡು ಪೂರ್ಣ ಸಂಖ್ಯೆ ಮಧ್ಯೆ ಬರುತ್ತೆ ಅಂತ ಬಾಯಲ್ಲಿ ಹೇಳ್ಸಿ, ಆಮೇಲೆ ಬರೆಸಿ. 9 ÷ 9ಕ್ಕೆ ಮಧ್ಯೆ ಬರಲ್ಲ, ಸರಿಯಾಗಿ 1ರ ಮೇಲೇ ಕೂರುತ್ತೆ, ಅದನ್ನ ಅವಳೇ ಹೇಳ್ತಾಳಾ ನೋಡಿ, ಹೇಳಿದ್ರೆ ದಶಮಾಂಶ ಶುರು ಮಾಡ್ಬಹುದು.